ಚನ್‌ಚು, ಯಾಯ್‌ಯಾಂಗ್ ಮತ್ತು ಒಂದು ಬೋಟ್ ನೆಕ್

ಹೊಲಿಗೆ ಅಂಗಡಿಯ ಕೌಂಟರಿನಲ್ಲಿ ಕೂತವಳು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಬಾಗಿಲು ತಳ್ಳಿಕೊಂಡು ಬರುತ್ತದೆ. ಕೊರೊನಾ ತಣ್ಣಗಾದ ಮೇಲೆ ಸ್ಯಾನ್ ಡಿಯಾಗೊದಲ್ಲಿ ವಿಯೆಟ್ನಾಮಿನ ಹೆಂಗಸೊಬ್ಬರ ಅಂಗಡಿ ಸೇರಿದೆ. ಅವರನ್ನು ‘ಚಿ’ ಎನ್ನುತ್ತೇನೆ. ಅವರ ಭಾಷೆಯಲ್ಲಿ ಅಕ್ಕ ಅಂತ, ಬೈಗುಳವಲ್ಲ. ನಮ್ಮ ಹೆಂಗಸರ ಬ್ಲೌಸಿನ ಮಾತುಕತೆಗೆಂದೇ ನನ್ನನ್ನು ಇಟ್ಟುಕೊಂಡದ್ದು. ಆ ಮಾತು ಮುಗಿಯುವುದೇ ಇಲ್ಲವೆಂದು ಚಿಯ ದೂರು. "ಹೀಗೇ ಆದ್ರೆ ಬ್ಲೌಸ್ ಕೆಲಸ ನಿಲ್ಲಿಸ್ತೀನಿ" ಎಂದು ಹೆದರಿಸುತ್ತಿದ್ದರು. ಬ್ಲೌಸ್ ನಿಂತರೆ ನಾನೂ ಮನೆಗೆ. ಹೆದರಿಸುವಾಗಲೆಲ್ಲ ಒಂದೊಂದು ಪದ ಕಲಿಸುತ್ತಿದ್ದರು. ನಮ್ಮ ‘ಗಡಿಬಿಡಿ’ಯಂಥ ಜೋಡಿ ಪದಗಳೇ. ನಮ್ಮದು ಅವಸರಕ್ಕೆ, ಅವರದು ತಡಕ್ಕೆ.

ಚನ್‌ಚು

ಮೀನಮೇಷ ಎಣಿಸುವುದು ಎಂದರ್ಥ. ಕಾರ್ಮೆಲ್ ವ್ಯಾಲಿಯಿಂದ ಐದು ತಿಂಗಳ ಬಸುರಿಯೊಬ್ಬಳು ಸೀಮಂತದ ಬ್ಲೌಸಿಗೆ ಬಂದಳು. ಧಾರವಾಡದ ಕಡೆಯವಳು. "ರೌಂಡ್ ನೆಕ್ ಛಲೋ ಅನಸ್ತದ್ರಿ ಅಕ್ಕಾರ. ಬೋಟ್ ನೆಕ್ಕೂ ಛಲೋನ ಅದ. ನಮ್ಮ ಅತ್ತೀನ್ನ ಕೇಳಿ ಹೇಳ್ತೀನಿ."

ಅತ್ತೆ ರೌಂಡ್ ಅಂದರು, ಅವಳ ಅಕ್ಕ ಬೋಟ್ ಅಂದಳು. ಅವಳು ಬಂದಾಗಲೆಲ್ಲ ಚಿ ಹೊಸದಾಗಿ ಅಳತೆ ತೆಗೆಯಬೇಕಾಯಿತು. ಸೀಮಂತ ಚೂಡಿದಾರದಲ್ಲೇ ಮುಗಿಯಿತು. ಕೊನೆಗೆ ಕೂಸನ್ನು ಎತ್ತಿಕೊಂಡು ಬಂದು, "ಬೋಟ್ ನೆಕ್ಕೇ ಇರ್ಲಿರಿ, ನಾಮಕರಣಕ್ಕ" ಅಂದಳು. ಚಿ ಟೇಪು ಮುಟ್ಟಲಿಲ್ಲ. "ಮೊದಲು ಮಗೂಗೆ ಹೆಸರು ಆರಿಸಿದಾಳಾ ಕೇಳು" ಅಂದರು.

ಆರಿಸಿರಲಿಲ್ಲ.

ಯಾಯ್‌ಯಾಂಗ್

ಮಾತನ್ನು ಉದ್ದಕ್ಕೆ ಎಳೆಯುವುದು. ವಾಲ್‌ನಟ್ ಎಂಬ ಊರಿನಿಂದ ಮಗಳ ಮನೆಗೆ ಬಂದಿದ್ದ ಅಂಕಲ್ ಒಬ್ಬರು ಪ್ಯಾಂಟ್ ಗಿಡ್ಡ ಮಾಡಿಸಲು ತಂದರು. "ಎಷ್ಟು ಗಿಡ್ಡ ಮಾಡ್ಬೇಕು ಅಂಕಲ್?"

"ಹೇಳ್ತೀನಮ್ಮ. ಈ ಬಟ್ಟೆ ತಗೊಂಡಿದ್ದು ಚಿಕ್ಕಪೇಟೆಲಿ..."

ಚಿಕ್ಕಪೇಟೆ ಮುಗಿದು ಅಳಿಯನ ಎತ್ತರಕ್ಕೆ ಬರುವಷ್ಟರಲ್ಲಿ ಚಿ ಅಂಕಲ್‌ರನ್ನು ಕಣ್ಣಲ್ಲೇ ಅಳೆದು, ಹೊಲಿದು, ಇಸ್ತ್ರಿ ಮಾಡಿ ಮುಂದಿಟ್ಟರು. ಅಂಕಲ್ ಹಾಕಿ ನೋಡಿದರು. "ಸರಿಯಾಗೇ ಇದೆ. ಆದ್ರೆ ನಾನಿನ್ನೂ ಅಳತೆ ಹೇಳೇ ಇಲ್ವಲ್ಲಮ್ಮ" ಎಂದು ಮುಖ ಸಣ್ಣ ಮಾಡಿದರು. ಪಾಪ ಅನಿಸಿ ಕುರ್ಚಿ ಕೊಟ್ಟೆ. ಹೇಳಿ ಮುಗಿಸಿಯೇ ಹೋದರು.

ಲಾಂಗ್‌ವಾಂಗ್

ವಿಷಯಕ್ಕೆ ಬಾರದೆ ಸುತ್ತುವುದು. ದೀಪಾವಳಿ ಹತ್ತಿರ ಬಂದಾಗ ಒಂದು ಶನಿವಾರ ಚಿ ತಣ್ಣಗೆ ಅಂದರು: "ಇವತ್ತಿಗೆ ಬ್ಲೌಸ್ ಸಾಕು." ಈ ಸಲ ನಿಜಕ್ಕೂ ನಿಲ್ಲಿಸುತ್ತಾರೆ ಅಂದುಕೊಂಡೆ. ಆ ಅಂಗಡಿಯೆಂದರೆ ನನಗೆ ಪ್ರಾಣ. ಕಾಯುತ್ತಿದ್ದ ಐದು ಜನರನ್ನು ಕೌಂಟರಿನಲ್ಲೇ ಬಿಟ್ಟು, ಒಳಗೆ ಅವರ ಮಿಷನ್ ಪಕ್ಕ ಹೋಗಿ ನಿಂತೆ.

ಸೀದಾ ಕೇಳಿಬಿಡುವುದು ಹೇಗೆ? ಅವರ ಮಂಡಿನೋವಿನಿಂದ ಶುರು ಮಾಡಿದೆ. ಅಮ್ಮನ ಮದುವೆ ಸೀರೆ, ದಾವಣಗೆರೆಯ ನಮ್ಮ ಟೈಲರು, ಹಬ್ಬದಲ್ಲಿ ಬ್ಲೌಸಿನ ಮಹತ್ವ, ಎಲ್ಲ ದಾಟಿ ಮುಕ್ಕಾಲು ಗಂಟೆಯ ಮೇಲೆ "ಬ್ಲೌಸ್ ನಿಲ್ಲಿಸಬೇಡಿ ಚಿ" ಎಂಬಲ್ಲಿಗೆ ತಲುಪಿದೆ. ಅಷ್ಟರಲ್ಲಿ ಅವರು ಒಂದು ಬ್ಲೌಸಿಗೆ ಎರಡೂ ತೋಳು ಕೂಡಿಸಿದ್ದರು.

"ಹೊರಗೆ ನೋಡು" ಅಂದರು.

ಕೌಂಟರ್ ಖಾಲಿ. ಐವರೂ ಯಾವ ನೆಕ್ ಬೇಕೆಂದು ಚೀಟಿ ಬರೆದು, ಬಟ್ಟೆಗೆ ಪಿನ್ ಮಾಡಿ ಹೋಗಿದ್ದರು. "ಇದಕ್ಕಿಂತ ಅದು ಒಪ್ಪುತ್ತೆ, ಇನ್ನೊಂದು ಸಲ ಯೋಚ್ನೆ ಮಾಡಿ" ಎನ್ನಲು ಅಲ್ಲಿ ನಾನಿರಲಿಲ್ಲವಲ್ಲ.

ಚಿ ದಾರ ಕತ್ತರಿಸಿದರು. "ಬ್ಲೌಸ್ ನಿಲ್ಲಿಸಲ್ಲ. ನಾಳೆಯೂ ಬಾ. ಗಿರಾಕಿ ಕಂಡ ತಕ್ಷಣ ಒಳಗೆ ಬಂದು ನನ್ನ ಹತ್ರ ಮಾತಾಡು."