ಹಸಿರು ಶಾಲೆಯ ಗೊಬ್ಬರ ಘಟಕ

ಪ್ರಾಥಮಿಕ ಶಾಲೆಯಲ್ಲಿ ಯಾವ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೂ ಅದು ಅಂದುಕೊಂಡಂತೆ ನಡೆಯುವುದಿಲ್ಲ. ನಡೆದುಬಿಟ್ಟರೆ ನಮಗೇ ಭಯವಾಗುತ್ತದೆ, ಎಲ್ಲೋ ಏನೋ ಎಡವಟ್ಟಾಗಿದೆ ಅಂತ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿದ್ಯಾರಣ್ಯಪುರಂನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಅಂಗಳದಲ್ಲಿ ಹೆಸರಿಗೂ ಒಂದು ಹುಲ್ಲುಕಡ್ಡಿ ಇರಲಿಲ್ಲ. ಮಕ್ಕಳು ಗೋಡೆಯ ನೆರಳಲ್ಲಿ ಊಟಕ್ಕೆ ಕೂತು, ನೆರಳು ಸರಿದಂತೆಲ್ಲ ಡಬ್ಬಿ ಹಿಡಿದು ತಾವೂ ಸರಿಯುತ್ತಿದ್ದರು. ನಮ್ಮ ಹೆಡ್‌ಮಿಸ್ ಮಾರ್ಚಿಗೆ ನಿವೃತ್ತರಾಗುವವರಿದ್ದರು. "ಹೋಗೋದ್ರೊಳಗೆ ಈ ಅಂಗಳ ಹಸಿರಾಗಿರೋದು ನೋಡ್ಬೇಕು ಕಣ್ರೀ. ಹಸಿರು ಶಾಲೆ ಶೀಲ್ಡ್ ಬಂದ್ರೂ ಬೇಡ ಅನ್ನಲ್ಲ," ಅಂದರು. ವಿಜ್ಞಾನ ಪಾಠ ಮಾಡುವವಳು ಅನ್ನುವ ಕಾರಣಕ್ಕೆ ಮಣ್ಣಿನ ಕೆಲಸವೂ ನನ್ನ ತಲೆಗೇ ಬಂತು.

ಸಿಪ್ಪೆ

ಮೊದಲು ಗೊಬ್ಬರ. ಶಾಲೆಯ ಹಿಂದೆ ಗುಂಡಿ ತೋಡಿಸಿ, ನಾಳೆಯಿಂದ ಮನೆಯಿಂದ ತರಕಾರಿ, ಹಣ್ಣಿನ ಸಿಪ್ಪೆ ತನ್ನಿ ಅಂತ ಮಕ್ಕಳಿಗೆ ಹೇಳಿದೆ.

ಬೆಳಿಗ್ಗೆ ಒಬ್ಬ ತಾಯಿ ಬಂದರು. "ಮಿಸ್, ಹೀರೇಕಾಯಿ ಸಿಪ್ಪೇಲಿ ನಾವು ಚಟ್ನಿ ಮಾಡ್ತೀವಿ. ಕಳ್ಸಕ್ಕಾಗಲ್ಲ. ಚಟ್ನೀನೇ ಕಳ್ಸಿದ್ರೆ ಆಗುತ್ತಾ?"

ಒಬ್ಬ ಹುಡುಗಿ ಇಡೀ ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟಳು. "ಮಿಸ್ಸಿಗೆ ಬರೀ ಸಿಪ್ಪೆ ಕೊಟ್ರೆ ಚೆನ್ನಾಗಿರಲ್ವಂತೆ. ಹಣ್ಣು ನೀವು ತಿನ್ಬೇಕಂತೆ, ಸಿಪ್ಪೆ ಗುಂಡಿಗಂತೆ." ಅವಳನ್ನು ನೋಡಿ ಉಳಿದವರ ಮನೆಯಲ್ಲೂ ಮರ್ಯಾದೆಯ ಪ್ರಶ್ನೆ ಎದ್ದಿತು.

ಆ ವಾರ ಗುಂಡಿಗಿಂತ ಮೊದಲು ನಮ್ಮ ಟೀಚರುಗಳ ಹೊಟ್ಟೆ ತುಂಬಿತು.

ಭಾನುವಾರ

ಆಮೇಲೆ ಸಿಪ್ಪೆ ಸರಿಯಾಗಿ ಬರತೊಡಗಿತು. ಆದರೆ ಬೆಳಿಗ್ಗೆ ತುಂಬಿದ ಗುಂಡಿ ಮಧ್ಯಾಹ್ನಕ್ಕೆ ಖಾಲಿ. "ಎಷ್ಟು ಬೇಗ ಕೊಳೀತಿದೆ ನೋಡ್ರೀ!" ಅಂತ ಹೆಡ್‌ಮಿಸ್ ಹಿಗ್ಗಿದರು.

ಕೊಳೆಯುತ್ತಿರಲಿಲ್ಲ. ಕಾಂಪೌಂಡಿನ ಮುರಿದ ಜಾಗದಿಂದ ಒಂದು ಹಸು ಬಂದು ಊಟ ಮುಗಿಸಿ ಹೋಗುತ್ತಿತ್ತು. ಶಾಲೆಯ ಹಿಂದಿನ ಬೀದಿಯಲ್ಲಿ ಹಾಲು ಮಾರುವ ಹೆಂಗಸಿನ ಹಸು ಅದು. ನಾನು ಸಿಟ್ಟಿನಿಂದಲೇ ಹೋಗಿ ದೂರು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಅಂಗೋ ಸಮಾಚಾರ! ಭಾನುವಾರ ಬಂದ್ರೆ ಹಾಲು ಯಾಕೆ ಕಮ್ಮಿ ಆಯ್ತದೆ ಅಂತ ತಲೆ ಕೆಡಿಸ್ಕಂಡಿದ್ದೆ ಕಣಮ್ಮ. ಭಾನುವಾರಾನೂ ಇಸ್ಕೂಲು ಇಟ್ಬುಡಿ."

ಬೇಲಿ

ಸಿಪ್ಪೆ ಹಸುವಿಗೆ, ಅದರ ಸಗಣಿ ಶಾಲೆಗೆ ಅಂತ ರಾಜಿಯಾಯಿತು. ಆ ಗೊಬ್ಬರ ಹಾಕಿ ಸಸಿ ನೆಟ್ಟೆವು, ಮಗುವಿಗೊಂದು. ಸೀಬೆ, ನೆಲ್ಲಿ, ದಾಳಿಂಬೆಗೆ ಜಗಳ. ಹೊಂಗೆ ಸಿಕ್ಕವರು ಮಾತ್ರ ಅತ್ತರು. ಅದರಲ್ಲಿ ತಿನ್ನುವಂಥದ್ದು ಏನೂ ಇಲ್ಲವಲ್ಲ!

ಸುತ್ತ ತೆಂಗಿನ ಗರಿಯ ಬೇಲಿ ಕಟ್ಟಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ ಗಾದೆಯಿದೆ. ನಮ್ಮಲ್ಲಿ ಹಸು ಮೊದಲು ಬೇಲಿಯನ್ನು ಮೇಯಿತು, ಆಮೇಲೆ ಸೀಬೆ, ನೆಲ್ಲಿ, ದಾಳಿಂಬೆ. ಹೊಂಗೆಯನ್ನು ಮೂಸಿ ನೋಡಿ ಬಿಟ್ಟಿತ್ತು. ಸೀಬೆಯವರು ಅತ್ತರು, ಹೊಂಗೆಯವರು ಕಣ್ಣೊರೆಸಿಕೊಂಡರು.

ಹೆಡ್‌ಮಿಸ್ ಬಂದು ಉಳಿದ ಹೊಂಗೆಗಳನ್ನು ಎಣಿಸಿದರು. "ನೆರಳಿಗೆ ಯಾವ ಗಿಡ ಹಾಕ್ಬೇಕು ಅಂತ ತೀರ್ಮಾನ ಆಯ್ತಲ್ಲ. ಎಲ್ಲಾ ಹೊಂಗೇನೇ ಹಾಕಿ."

ಘಟಕ

ಶೀಲ್ಡಿಗೆ ತಪಾಸಣೆ ಮಾಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಮೊಣಕಾಲೆತ್ತರದ ಹೊಂಗೆ ಕಣ್ಣಿಗೆ ಕಾಣುವುದಿಲ್ಲ ಅಂತ ಪಕ್ಕದ ಶಾಲೆಯಿಂದ ಕ್ರೋಟನ್ ಕುಂಡಗಳನ್ನು ಎರವಲು ತಂದಿಟ್ಟಿದ್ದೆವು. ಎಲ್ಲ ಶಾಲೆಗಳೂ ಹಾಗೇ ಮಾಡುತ್ತಿದ್ದವು.

"ಈ ಕುಂಡಾನ ನಿನ್ನೆ ಬೇರೆ ಶಾಲೇಲಿ ನೋಡ್ದಂಗಿದೆ," ಅಂದರು ಸಾಹೇಬರು.

"ಇರ್ಬಹುದು ಸಾರ್. ಒಬ್ನೇ ಕುಂಬಾರ," ಅಂದರು ಹೆಡ್‌ಮಿಸ್.

ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಗಂಟೆ ಹೊಡೆಯುವಷ್ಟರಲ್ಲಿ ಮಕ್ಕಳು ಸಿಪ್ಪೆ ಹಾಕಿರುತ್ತಾರೆ ಅನ್ನುವುದು ಹಸುವಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಮುರಿದ ಕಾಂಪೌಂಡು ದಾಟಿ, ಸಾಹೇಬರನ್ನು ಸುತ್ತಿಕೊಂಡು ಗುಂಡಿಗೆ ಹೋಗಿ, ತಿಂದು, ಅವರ ಮುಂದೆಯೇ ಸಗಣಿ ಹಾಕಿತು. ಹೆಡ್‌ಮಿಸ್ಸಿನ ಕಡೇ ಆಸೆಯೂ ಮುಗಿಯಿತು ಅಂದುಕೊಂಡೆ.

"ಏನ್ರೀ ಇದು?"

ಹೆಡ್‌ಮಿಸ್ ರೆಪ್ಪೆ ಕೂಡ ಬಡಿಯಲಿಲ್ಲ. "ನಮ್ಮ ಗೊಬ್ಬರ ಘಟಕ ಸಾರ್."

ಸಾಹೇಬರು ಹಸುವಿನ ಸುತ್ತ ಒಂದು ಸಲ ಬಂದರು. "ಕರೆಂಟ್ ಬೇಕಾಗಲ್ಲ?"

"ಇಲ್ಲ ಸಾರ್."

"ಕೆಟ್ಟೋದ್ರೆ?"

"ಭಾನುವಾರ ಮಾತ್ರ ಸ್ವಲ್ಪ ಕಮ್ಮಿ ಸಾರ್."

ಶೀಲ್ಡ್ ನಮಗೇ ಬಂತು. ಜೊತೆಗೆ ಬಹುಮಾನವಾಗಿ ಒಂದು ಗಾಡಿ ತುಂಬ ಕಸಿ ಮಾವಿನ ಸಸಿ. ಹೆಡ್‌ಮಿಸ್ಸಿನ ಬೀಳ್ಕೊಡುಗೆಯ ದಿನ ಅವರ ಕೈಯಿಂದಲೇ ನೆಡಿಸೋಣ ಅಂತ ವರಾಂಡದಲ್ಲಿ ಸಾಲಾಗಿ ಜೋಡಿಸಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಸಾಲಾಗಿ ಕಡ್ಡಿಗಳು ನಿಂತಿದ್ದವು, ಪಕ್ಕದಲ್ಲಿ ಬಿಸಿ ಸಗಣಿ. ನನಗೆ ಅಳುವೇ ಬಂತು. ಓಡಿಹೋಗಿ ಹೇಳಿದೆ.

ಹೆಡ್‌ಮಿಸ್ ಹೊರಗೆ ಬಂದು ಕಡ್ಡಿಗಳನ್ನು ನೋಡಿದರು, ಸಗಣಿಯನ್ನು ನೋಡಿದರು, ಅಂಗಳದಲ್ಲಿ ಚಿಗುರೊಡೆದಿದ್ದ ಹೊಂಗೆಗಳನ್ನು ನೋಡಿದರು.

"ಅಳೋದ್ಯಾಕ್ರೀ? ಅದನ್ನ ಬಾಚಿ ಹೊಂಗೆಗೆ ಹಾಕ್ಸಿ. ಸಾಹೇಬ್ರು ಕೇಳಿದ್ರೆ, ಘಟಕ ಈಗ ರಾತ್ರಿ ಪಾಳೀನೂ ಮಾಡ್ತಿದೆ ಅನ್ನಿ."