ಹದಿನಾರು ಮೆಟ್ಟಿಲು ಇಳಿದ ಮಾಮಾ

ಈ ಬುದ್ಧಿ ಕಲಿಯಲು ನನಗೆ ತಗುಲಿದ್ದು ಒಂದು ಇಳಕಲ್ ಸೀರೆ. ಅದೂ ಎಷ್ಟೋ ಗಿರಾಕಿಗಳಿಗೆ ತೋರಿಸಿ, ಯಾರಿಗೂ ಬಿಟ್ಟುಕೊಡದೆ ಇಟ್ಟಿದ್ದ ದಾಳಿಂಬೆ ಬಣ್ಣದ್ದು. ಕಾರಣ, ನನ್ನ ನಾಲಿಗೆ. ಸೀರೆಯ ಗಂಟು ಹೊತ್ತು ಗುಡೂರಿನ ಓಣಿ ಓಣಿ ತಿರುಗಿ ಇಳಕಲ್ಲಿನಲ್ಲಿ ಅಂಗಡಿ ಕಟ್ಟಿದವನು ನಾನು. ಅಂಥವರಿಗೆ ಒಂದು ರೋಗ ಇರುತ್ತದೆ: ಸೀರೆ ಮಾರಿ ಕಲಿತದ್ದರಲ್ಲೇ ಲೋಕವನ್ನೆಲ್ಲ ನಡೆಸಬಹುದೆಂಬ ನಂಬಿಕೆ. ಹಲ್ಲುನೋವಿಗೂ ನನ್ನ ಹತ್ತಿರ ಸಲಹೆ ಇದೆ.

ನನ್ನ ತಂಗಿಯ ಮಗಳು ಶೈಲಾ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರೂಮು ಮಾಡಿಕೊಂಡು ಕಾನೂನು ಓದಿ ಸನ್ನದು ಪಡೆದಳು. ಆದರೆ ಕೈಹಿಡಿದು ಕೆಲಸ ಕಲಿಸುವ ಹಿರಿಯ ವಕೀಲರೊಬ್ಬರು ಬೇಕಲ್ಲ? ಮೂವರು ಆಗಲೇ ಜಾಗ ಇಲ್ಲವೆಂದಿದ್ದರು. ಹೊಲಮನೆ ವ್ಯಾಜ್ಯಗಳಲ್ಲಿ ಹೆಸರಾದ ನಾಲ್ಕನೆಯವರೂ ಒಲ್ಲೆ ಎಂದರೆ ಕರಿ ಕೋಟು ಟ್ರಂಕಿಗೇ. 'ತಡಿ, ನಾ ಬರ್ತೇನಿ' ಎಂದೆ.

ಅವರ ಕಚೇರಿ ಮಹಡಿ ಮೇಲೆ. 'ಬರ್ಲಿ, ಕಲೀಲಿ. ಮೊದಲ ಆರು ತಿಂಗಳು ಏನೂ ಕೊಡೂದಿಲ್ಲ' ಎಂದರು. ಶೈಲಾ 'ಆಗಲಿ ಸರ್' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಮೊಣಕೈ ಹಿಡಿದು ಎಬ್ಬಿಸಿ, 'ಹಂಗಾದ್ರ ಬರ್ತೇವ್ರಿ' ಎಂದು ಹೊರಟೇಬಿಟ್ಟೆ. ದರ ಒಗ್ಗದೆ ಎದ್ದ ಗಿರಾಕಿಯನ್ನು ಹೊಸ್ತಿಲು ದಾಟುವ ಮೊದಲು ವಾಪಸು ಕರೆಯುವುದು ಅಂಗಡಿಯ ಪದ್ಧತಿ. ನಾನೇ ದಿನಾ ಕರೆಯುತ್ತೇನೆ!

'ಮಾಮಾ, ಏನ್ ಮಾಡಿದಿ ಇದು?'

'ಮೆಲ್ಲಕ ಇಳಿ. ಕಡೀ ಮೆಟ್ಟಲದಾಗ ಕರೀತಾರ. ಕರೀದಿದ್ರ, ನಮ್ಮ ಅಂಗಡ್ಯಾಗ ನೀ ಯಾವ ಸೀರಿಗೆ ಕೈ ಮಾಡ್ತಿ ಅದು ನಿಂದು!'

ಹದಿನಾರು ಮೆಟ್ಟಿಲು. ಹತ್ತನೆಯದರಲ್ಲಿ ಚಪ್ಪಲಿ ಸರಿಮಾಡಿಕೊಂಡೆ, ಹದಿನಾಲ್ಕನೆಯದರಲ್ಲಿ ಕೆಮ್ಮಿದೆ. ಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ರಸ್ತೆಗೆ ಬಂದಾಗ ಹುಡುಗಿಯ ಕಣ್ಣು ತುಂಬಿತ್ತು. 'ಅವರ ಅಂಗಡ್ಯಾಗ ನಾವು ಗಿರಾಕಿ ಅಲ್ಲ, ಮಾಮಾ' ಎಂದಳು.

ಆಮೇಲೆ ಅವಳು ನನ್ನ ಸಲಹೆ ಕೇಳಲಿಲ್ಲ. ಎರಡು ವಾರ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು, ಆ ವಕೀಲರು ನಡೆಸುತ್ತಿದ್ದ ಕಲಾದಗಿಯ ಹೊಲದ ವ್ಯಾಜ್ಯದಲ್ಲಿ ಸಾಕ್ಷಿಗಳು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕೂಡದ ಕಡೆ ಗೆರೆ ಎಳೆದು, ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟಳು. ಪೂರ್ತಿ ಓದಿದ ಅವರು, 'ನಾಳಿ ಹತ್ತಕ್ಕ ಬಾರವಾ. ಬಸ್ಸಿನ ಖರ್ಚು ಕೊಡ್ತೇನಿ. ಆದ್ರ ಮಾಮಾನ್ನ ಕರ್ಕೊಂಡು ಬರಬ್ಯಾಡ' ಎಂದರಂತೆ.

ಭಾನುವಾರ ಇಳಕಲ್ಲಿಗೆ ಬಂದವಳು ಸುದ್ದಿ ಹೇಳಿ, ನೆಟ್ಟಗೆ ದಾಳಿಂಬೆ ಸೀರೆಗೇ ಕೈ ತೋರಿಸಿದಳು. 'ಮಾತಂದ್ರ ಮಾತು, ಮಾಮಾ.'

ಆದ್ದರಿಂದ, ಕಾನೂನು ಓದುವ ಮಕ್ಕಳೇ, ಕೆಲಸ ಕೇಳುವ ಮೊದಲು ಆ ವಕೀಲರ ಕೆಲಸವನ್ನು ಕೋರ್ಟಿನಲ್ಲಿ ಕೂತು ನೋಡಿ. ಕೈ ಬೀಸಿಕೊಂಡು ಹೋಗಬೇಡಿ, ನೀವೇ ಬರೆದದ್ದೊಂದು ಒಯ್ಯಿರಿ. ಸಂಬಳದ ಮಾತನ್ನು ಮೊದಮೊದಲು ನಿಮ್ಮ ಕೆಲಸವೇ ಆಡಲಿ. ಮಾಮಾ ಬಂದೇ ಬರುತ್ತೇನೆಂದು ಹಟ ಹಿಡಿದರೆ ಕಚೇರಿಯ ಕೆಳಗಿನ ಚಹಾದಂಗಡಿಯಲ್ಲಿ ಕೂರಿಸಿ. ಚಹಾ ಚಲೋ ಇರುತ್ತದೆ. ಬಾಗಲಕೋಟೆಗೆ ಹೋದಾಗಲೆಲ್ಲ ನಾನು ಕೂರುವುದು ಅಲ್ಲೇ, ಮೆಟ್ಟಿಲಿನ ಕಡೆ ಒಂದು ಕಿವಿ ಇಟ್ಟುಕೊಂಡು. ಇನ್ನೂ ಯಾರೂ ಕರೆದಿಲ್ಲ.