ಹಾಸಿನ ಕಾವಲಿಗೆ ರಾವಸಾಹೇಬ

“ಎಂಟು ದಿವಸ! ಎಂಟೇ ಎಂಟು ದಿವಸದಾಗ ಈ ನಾಯಿಗೆ ಮನಶ್ಯಾರ ನಡತಿ ಕಲಸಲಿಲ್ಲ ಅಂದ್ರ ನನ್ನ ಹೆಸರು ಗಿರಿಮಲ್ಲಪ್ಪ ಅಲ್ಲ!”

ರಬಕವಿಯ ನೇಕಾರ ಗಿರಿಮಲ್ಲಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತೇ ಈ ಭೀಷಣ ಪ್ರತಿಜ್ಞೆ ಮಾಡಿದ. ಅವನ ಹೆಂಡತಿ ಕಸ್ತೂರೆವ್ವ ರಾಟೆ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು. ಆಕೆ ತಲೆ ಸಹ ಎತ್ತಲಿಲ್ಲ.

“ನಿಮಗ ಕಲಸಾಕ ಹತ್ತಿ ಹದಿನೆಂಟು ವರ್ಷ ಆತು. ಇನ್ನೂ ಮುಗದಿಲ್ಲ.”

ನಾಯಿ ಮನೆಗೆ ಬಂದು ಆರು ತಿಂಗಳಾಗಿತ್ತು. ಸಂಸ್ಥಾನಗಳೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಮುಧೋಳದ ಸಂತೆಯಲ್ಲಿ ಒಬ್ಬ ಪುಣ್ಯಾತ್ಮ, “ಅರಸರಿಗೇ ಕೆಲಸ ಇಲ್ಲ, ಅರಮನಿ ನಾಯಿಗೆ ಎಲ್ಲಿಂದ ಬರಬೇಕ್ರಿ? ಅದಕ್ಕ ಕೊಡಾಕತ್ತೇನಿ. ಅಸಲಿ ಬೇಟಿನಾಯಿ!” ಎಂದು ಮರಿಯನ್ನು ಇವನ ಕೈಗಿಟ್ಟಿದ್ದ. ಒಂದು ಕಿವಿ ಸೆಟೆದು ನಿಂತಿದೆಯಲ್ಲ ಎಂದರೆ, ತಿಂಗಳೊಪ್ಪತ್ತಿನಲ್ಲಿ ಬೀಳುತ್ತದೆ ಎಂದ. ಬಾಲ ಸುರುಳಿ ಸುತ್ತಿದೆಯಲ್ಲ ಎಂದರೆ, ದಸರೆಯೊಳಗೆ ನೆಟ್ಟಗಾಗುತ್ತದೆ ಎಂದ. ಇದನ್ನು ನಂಬಿದವನು ಇಡೀ ಭೂಮಂಡಲದಲ್ಲಿ ಗಿರಿಮಲ್ಲಪ್ಪ ಒಬ್ಬನೇ ಇರಬೇಕು! ದಸರೆ ಹೋಗಿ ದೀಪಾವಳಿಯೂ ಆಯಿತು. ಕಿವಿ ಬೀಳಲಿಲ್ಲ, ಬಾಲ ನೆಟ್ಟಗಾಗಲಿಲ್ಲ. ಪಕ್ಕದ ಮನೆಯ ನೇಕಾರ ಜಕ್ಕಪ್ಪ ಮಾತ್ರ ಒಂದೇ ನೋಟಕ್ಕೆ ತೀರ್ಪು ಕೊಟ್ಟಿದ್ದ.

“ತಾಯಿ ಮುಧೋಳದಾಕಿ, ಖರೆ. ಅಪ್ಪ ಬಸ್‌ಸ್ಟ್ಯಾಂಡಿನಾಂವ.”

ಗಿರಿಮಲ್ಲಪ್ಪ ಇಂಥ ಮಾತಿಗೆ ಸೊಪ್ಪು ಹಾಕುವ ಆಸಾಮಿಯಲ್ಲ. ನಾಯಿಗೆ ‘ರಾವಸಾಹೇಬ’ ಎಂದು ಹೆಸರಿಟ್ಟ. ಮರಾಠಿ ಅರಸರ ಅರಮನೆಯ ರಕ್ತ, ಕನ್ನಡ ತಿಳಿಯಲಿಕ್ಕಿಲ್ಲ ಎಂದು ಮರಾಠಿಯಲ್ಲೇ ಮಾತಾಡಿಸಿದ. ನೂಲಿನ ವ್ಯಾಪಾರಿಗಳಿಂದ ಅವನು ಕಲಿತ ಮರಾಠಿ ಮೂರೇ ಮಾತಿನದು: ‘ಯಾ’ ಅಂದರೆ ಬನ್ನಿ, ‘ಬಸಾ’ ಅಂದರೆ ಕೂಡ್ರಿ, ‘ಉದ್ಯಾ ಯೇತೋ’ ಅಂದರೆ ನಾಳೆ ಬರುತ್ತೇನೆ. ಮೂರನೆಯದರಿಂದ ನಾಯಿಗೇನು ಉಪಯೋಗವೋ, ಅದನ್ನೂ ಬಿಡದೆ ಹೇಳುತ್ತಿದ್ದ. ರಾವಸಾಹೇಬ ಮೂರಕ್ಕೂ ಒಂದೇ ಉತ್ತರ ಕೊಡುತ್ತಿತ್ತು. ಓಟ!

ಮನೆಯಿಂದ ಓಣಿಯ ತುದಿಗೆ, ಓಣಿಯ ತುದಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕಸ್ತೂರೆವ್ವನ ರೊಟ್ಟಿ ಬುಟ್ಟಿಗೆ. ಎರಡು ಲಾಳಿ ಕಚ್ಚಿಕೊಂಡು ಹೋಗಿ ಬೂದಿಗುಂಡಿಯಲ್ಲಿ ಹೂತಿಟ್ಟಿತ್ತು. ಆದರೂ ಗಿರಿಮಲ್ಲಪ್ಪನಿಗೆ ಅದರ ಮೇಲೆ ಜೀವ. ಅವನು ನೇಯಲು ಕುಳಿತರೆ ಅದು ಮಗ್ಗದ ಕುಣಿಗೆ ಇಳಿದು ಅವನ ಎಡಗಾಲಿನ ಮೇಲೆ ಗದ್ದ ಊರಿ ಮಲಗುತ್ತಿತ್ತು. ಆ ಭಾರ ಕಾಲ ಮೇಲೆ ಇಲ್ಲದ ದಿನ ಅವನಿಗೆ ನೇಯ್ಗೆಯೇ ಓಡುತ್ತಿರಲಿಲ್ಲ.

ಕಸ್ತೂರೆವ್ವನ ತಾಳ್ಮೆ ತೀರಿದ್ದು ಜಮಖಂಡಿಯ ಮದುವೆ ಮನೆಯೊಂದರಿಂದ ಎರಡು ಸೀರೆಗೆ ಬೇಡಿಕೆ ಬಂದಾಗ.

“ಮದವಿ ಸೀರಿ ಅವು. ಈ ನೂಲಿನ ಹಾಸಿನಾಗ ನಾಯಿ ಕಾಲಿಂದ ಒಂದು ಎಳಿ ಹರೀಲಿ, ಅವತ್ತಿನ ಬಸ್ಸಿಗೆ ಅದು ಸಾವಳಗಿಗೆ ಹೋಕ್ಕೈತಿ. ನಮ್ಮಣ್ಣನ ಹೊಲಾ ಕಾಕೊಂಡು ಬಿದ್ದಿರಲಿ.”

ಆಕೆ ಒಮ್ಮೆ ಅಂದರೆ ಮುಗಿಯಿತು. ಎಂಟು ದಿನಗಳ ಪ್ರತಿಜ್ಞೆ ಹುಟ್ಟಿದ್ದು ಆ ಮಾತಿನಿಂದಲೇ.

ಎಂಟನೆಯ ದಿನ ಬೆಳಗ್ಗೆ ಓಣಿಯಲ್ಲಿ ಹಾಸು ಹಿಡಿದರು. ಸೀರೆಯ ಉದ್ದದ ಎಳೆಗಳನ್ನೆಲ್ಲ, ಎರಡು ಸಾವಿರಕ್ಕೂ ಮೇಲೆ, ಮೂವತ್ತಾರು ಮೊಳ ಉದ್ದಕ್ಕೆ ಬಿಗಿದು ನಿಲ್ಲಿಸಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುವ ಕೆಲಸ. ಎರಡೂ ತುದಿಗೆ ನೆಲದಲ್ಲಿ ಬಡಿದ ಗೂಟಗಳೇ ಆಧಾರ.

“ನಾಯಿನ್ನ ಒಳಗ ಹಾಕಿ ಬಾಗಲಾ ಮುಚ್ಚರಿ,” ಎಂದಳು ಕಸ್ತೂರೆವ್ವ.

“ಒಳಗ ಯಾಕ? ಕಲತೈತಿ ಅದು! ಹಾಸು ಕಾಯಾಕ ಹಚ್ಚತೇನಿ. ಕೋಳಿ, ಆಡು ಒಂದೂ ಹಣಿಕಿ ಹಾಕಂಗಿಲ್ಲ ನೋಡು!”

ಹೀಗೆಂದವನು ನಾಯಿಯ ಹಗ್ಗವನ್ನು ಒಯ್ದು ಹಾಸಿನ ಗೂಟಕ್ಕೇ ಬಿಗಿದ.

“ಅಯ್ಯ, ಗೂಟಕ್ಕ ಕಟ್ಟಬ್ಯಾಡ್ರಿ!”

“ಮೂವತ್ತಾರು ಮೊಳ ಹಾಸು ತಡಿಯೋ ಗೂಟ, ಹತ್ತು ಸೇರಿನ ನಾಯಿ ತಡಿಯಂಗಿಲ್ಲೇನ?”

ನೇಕಾರನ ಕಣ್ಣಿಗೆ ಓಣಿಯಲ್ಲಿ ಅದಕ್ಕಿಂತ ಭದ್ರವಾದ ವಸ್ತು ಕಾಣುವುದಿಲ್ಲ, ನಿಜ. ಆದರೆ ಆ ಗೂಟವನ್ನು ಹಾಸಿನ ಎಳೆತಕ್ಕೆ ಎದುರಾಗಿ ವಾಲಿಸಿ ಬಡಿದಿರುತ್ತಾರೆ. ಮುಂದಿನಿಂದ ಆನೆ ಎಳೆದರೂ ಜಗ್ಗದು; ಅಡ್ಡಕ್ಕೆ ಎಳೆದರೆ ಸಡಿಲವಾದೀತು. ಹುಟ್ಟಿದಾಗಿನಿಂದ ಗೂಟ ಬಡಿದ ಗಿರಿಮಲ್ಲಪ್ಪನಿಗೆ ಅಂದು ಇಷ್ಟು ಹೊಳೆಯಲಿಲ್ಲ.

ಅರ್ಧ ತಾಸು ರಾವಸಾಹೇಬ ಕೊತವಾಲನ ಹಾಗೆ ಕುಳಿತಿತ್ತು. ಗಿರಿಮಲ್ಲಪ್ಪ ಕುಂಚ ಹಿಡಿದು ಅತ್ತಿಂದಿತ್ತ ಓಡಾಡುತ್ತ, “ಜಕ್ಕಪ್ಪಾ, ನೋಡಪಾ! ತಳಿ ಅಂದ್ರ ತಳಿ!” ಎಂದು ಇಡೀ ಓಣಿಗೆ ಕೇಳುವಂತೆ ಮೆರೆದ. ಅಷ್ಟರಲ್ಲಿ ಎದುರು ಮನೆಯ ಬೋರವ್ವನ ಆಡು ಗಂಜಿಯ ವಾಸನೆ ಹಿಡಿದು ಬಂದು ಹಾಸಿನ ಎಳೆಗಳಿಗೆ ನಾಲಿಗೆ ಹಚ್ಚಿತು.

ರಾವಸಾಹೇಬ ಕರ್ತವ್ಯಕ್ಕೆ ಎದ್ದಿತು! ಒಂದೇ ನೆಗೆತ. ಆಡು ಅಡ್ಡಕ್ಕೆ ಓಡಿತು, ನಾಯಿಯೂ ಅಡ್ಡಕ್ಕೆ ಓಡಿತು, ಗೂಟ ಹಲ್ಲು ಕಿತ್ತ ಹಾಗೆ ಕಿತ್ತು ಬಂತು. ಮುಂದೆ ಆಡು, ಹಿಂದೆ ನಾಯಿ, ನಾಯಿಯ ಹಿಂದೆ ಗೂಟ, ಗೂಟದ ಹಿಂದೆ ಜಮಖಂಡಿಯ ಮದುವೆ! ಮೆರವಣಿಗೆ ಬೋರವ್ವನ ಕಟ್ಟೆಯ ಕಂಬವನ್ನು ಎರಡು ಸುತ್ತು ಹಾಕಿತು. ಗಿರಿಮಲ್ಲಪ್ಪ ಕುಂಚ ಬೀಸುತ್ತ “ಬಸಾ! ಬಸಾ!” ಎಂದು ಬೆನ್ನತ್ತಿದ. ನಾಯಿ ನಿಲ್ಲಲಿಲ್ಲ. “ಯಾ! ಯಾ!” ಎಂದ. ನಿಲ್ಲಲಿಲ್ಲ. ಗಾಬರಿಯಲ್ಲಿ “ಉದ್ಯಾ ಯೇತೋ!” ಎಂದೂ ಕೂಗಿದ. ಜಕ್ಕಪ್ಪ ನಕ್ಕು ನಕ್ಕು ನೆಲಕ್ಕೆ ಕುಳಿತ.

ಆಗ ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಅಂದಳು.

“ಲೇ ರಾವ್ಯಾ, ಕುಂಡ್ರು!”

ನಾಯಿ ಕುಳಿತಿತು. ಮೂಗಿಗೆಲ್ಲ ಗಂಜಿ, ಕೊರಳಿಗೆಲ್ಲ ಎಳೆ.

ಮುನ್ನೂರಕ್ಕೂ ಮೇಲೆ ಎಳೆ ಹರಿದಿದ್ದವು. ಓಣಿಯ ಕೆಲಸ ಎಂದರೆ ಎಲ್ಲರ ಕೆಲಸ. ಜಕ್ಕಪ್ಪ, ಬೋರವ್ವ, ಇನ್ನೂ ನಾಲ್ಕು ಮನೆಯವರು ಬಂದು ಕುಳಿತು ಹೊಸೆದು ಹೊಸೆದು ಕೂಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹಾಸು ಮತ್ತೆ ನಿಂತಿತು, ಸೀರೆ ಉಳಿಯಿತು. ಗಿರಿಮಲ್ಲಪ್ಪ ನಾಯಿಯ ಹಗ್ಗ ಕೈಗೆ ಸುತ್ತಿಕೊಂಡು ಮನೆಯೊಳಗೆ ಬಂದ.

“ಸಾವಳಗಿ ಬಸ್ಸು ಎಷ್ಟಕ್ಕೈತಿ?”

ಕಸ್ತೂರೆವ್ವ ರೊಟ್ಟಿ ಮುರಿದು ಹಾಲಿಗೆ ಹಾಕಿ ನಾಯಿಯ ಮುಂದೆ ಇಡುತ್ತಿದ್ದಳು.

“ಯಾರು ಹೋಗವ್ರು?”

“ನಾಯಿ. ನೀನ ಅಂದಿದ್ದಿ.”

“ಅದರದೇನ್ರಿ ತಪ್ಪು? ಆಡು ಓಡಸು ಅಂದ್ರಿ, ಓಡಿಸೇತಿ. ಕುಂಡ್ರು ಅಂದೆ, ಕುಂತೈತಿ. ಗೂಟಕ್ಕ ಕಟ್ಟಬ್ಯಾಡ ಅಂತ ನಾ ಅಂದದ್ದು ಯಾರಿಗೆ?”

ಗಿರಿಮಲ್ಲಪ್ಪ ಕೈಗೆ ಸುತ್ತಿದ್ದ ಹಗ್ಗ ಬಿಚ್ಚತೊಡಗಿದ. ಕಸ್ತೂರೆವ್ವ ನಾಯಿಯ ತಲೆ ಸವರಿದಳು.

“ಈ ಮನ್ಯಾಗ ಹೇಳಿದ ಮಾತು ಕೇಳೂದು ಇದೊಂದ. ಇದನ್ನೂ ಕಳಿಸಿ, ಬರೇ ನಿಮ್ಮನ್ನ ಇಟಗೊಂಡು ನಾ ಏನ್ ಮಾಡ್ಲಿ?”